ವಳಕಮದಿನ್ನಿಯ ಮರಿಗಳ ರಕ್ತಭೇದಿ

ಮರಿಯ ಹೊಟ್ಟೆ ಸೀಳಿ ಕರುಳನ್ನು ಹೊರಗೆಳೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಕಿರುಬೆರಳಿನ ಗಾತ್ರದ ಎರಡು ಕರಿಗೆಂಪು ಚೀಲಗಳು. ಕೋಳಿಗೆ ಸಣ್ಣ ಕರುಳು ಮುಗಿಯುವ ಕಡೆ ಎರಡು ಕುರುಡುಕರುಳುಗಳಿರುತ್ತವೆ. ಆರೋಗ್ಯವಾಗಿರುವ ಮರಿಯಲ್ಲಿ ಅವು ಸಪೂರವಾಗಿ, ಹಸಿರುಮಿಶ್ರಿತ ಕಂದು ಬಣ್ಣಕ್ಕಿರುತ್ತವೆ. ಇಲ್ಲಿ ಉಬ್ಬಿಕೊಂಡು ಬಿಗಿದುಹೋಗಿದ್ದವು. ಕತ್ತರಿಯ ತುದಿ ತಾಗಿದ್ದೇ ತಡ, ರಕ್ತ ಹರಿದು ಕಲ್ಲಿನ ಮೇಲೆ ಇಳಿಯಿತು.

ಸಿಂಧನೂರಿನ ಪಶು ಆಸ್ಪತ್ರೆಯ ಹಿತ್ತಲಿನಲ್ಲಿ, ಬೇವಿನ ಮರದ ಕೆಳಗೆ ಹಾಕಿಸಿದ್ದ ಕಲ್ಲುಚಪ್ಪಡಿಯೇ ಆಗ ನಮ್ಮ ಶವಪರೀಕ್ಷೆಯ ಮೇಜು. ಎಂಬತ್ತರ ದಶಕದ ಕೊನೆಯ ವರ್ಷಗಳು. ಲಿಂಗಸುಗೂರಿನ ಮನೆಯಿಂದ ಮಸ್ಕಿ ಮೇಲೆ ಹಾದು ಬರುವ ಬೆಳಗಿನ ಬಸ್ಸು ಹಿಡಿದು ಅಲ್ಲಿನ ಡಾಕ್ಟರಾಗಿ ನಾನು ದಿನವೂ ಕೆಲಸಕ್ಕೆ ಬರುತ್ತಿದ್ದೆ. ಎತ್ತು, ಎಮ್ಮೆ, ಕುರಿ, ಇವೇ ನಮ್ಮ ರೋಗಿಗಳು. ಕೋಳಿಯನ್ನು ಡಾಕ್ಟರಿಗೆ ತೋರಿಸುವುದೆಂದರೆ ಜನ ನಗುತ್ತಿದ್ದ ಕಾಲ. ಕೋಳಿ ಜೋಲು ಹೊಡೆದರೆ ಸಾಯುವ ಮೊದಲೇ ಸಾರು ಮಾಡಿಬಿಡುತ್ತಿದ್ದರು.

ಆದರೆ ಆವತ್ತು ಸತ್ತ ಮರಿಗಳನ್ನು ಬಿದಿರಿನ ಬುಟ್ಟಿಯಲ್ಲಿ ಹಾಕಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದಿದ್ದವರು ಸಾರಿನ ಲೆಕ್ಕದವರಲ್ಲ. ವಳಕಮದಿನ್ನಿಯಲ್ಲಿ ಹೊಸದಾಗಿ ಮೊಟ್ಟೆಕೋಳಿಯ ಶೆಡ್ಡು ಹಾಕಿದವರು. ಅವರ ಮೂಲ ಊರು ಸಾಲಗುಂದ. ಗಂಡ ಹೆಂಡತಿ ಇಬ್ಬರೂ ಬಹಳ ವರ್ಷ ಸಿಂಧನೂರಿನಲ್ಲಿ ಮೊಟ್ಟೆ ಮಾರಿದ್ದರು. ಬೇರೆ ಕಡೆಯಿಂದ ಲಾರಿಯಲ್ಲಿ ಬರುವ ಮೊಟ್ಟೆಯನ್ನು ಮಾರಿ ಮಾರಿ, ಇದನ್ನು ನಾವೇ ಯಾಕೆ ಉತ್ಪಾದಿಸಬಾರದು ಎಂದು ಹಟ ಹಿಡಿದವರು ಹೆಂಡತಿ. ಊರವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ನಾನೂ ಹಾಗೇ ಕರೆಯತೊಡಗಿದೆ.

"ನಿನ್ನೆ ಮುಂಜಾನೆ ತನಕ ಓಡ್ಯಾಡಾಕತ್ತಿದ್ವು ಬಾಯಾರ," ಎಂದರು ಗಂಡ, ಓದಿದ ಹೆಂಗಸರನ್ನು ಆ ಕಡೆಯವರು ಕರೆಯುವ ಹಾಗೆ. "ಸಂಜಿಗೆ ರೆಕ್ಕಿ ಇಳಿಬಿಟ್ಟು ಮೂಲ್ಯಾಗ ಗುಂಪು ಕೂತ್ವು. ಹಿಕ್ಕಿ ನೋಡಿದ್ರ ಬರೀ ರಕ್ತ."

"ಊರಾಗಿನ ಮಂದಿ ಏನಂತಾರ?"

"ಕೊಕ್ಕರೆ ರೋಗ ಅಂತಾರ್ರಿ. ಶೆಡ್ ಸುಟ್ಟುಬಿಡ್ರಿ ಅನ್ನಾಕತ್ಯಾರ."

ನಾವು ರಾಣಿಖೇತ್ ಎನ್ನುವ ಆ ರೋಗದ ಹೆಸರು ಕೇಳಿದರೆ ಹಳ್ಳಿಯವರು ಹೆದರುವುದರಲ್ಲಿ ತಪ್ಪಿಲ್ಲ. ಹಿಂದಿನ ಬೇಸಿಗೆಯಲ್ಲಿ ಕೊಕ್ಕರೆ ರೋಗ ಹೊಕ್ಕು ಆ ಸುತ್ತಿನ ಹಿತ್ತಲ ಕೋಳಿಗಳನ್ನು ಗುಡಿಸಿ ಹಾಕಿತ್ತು. ಅದಕ್ಕೆ ಔಷಧವಿಲ್ಲ. ಬರುವ ಮೊದಲು ಲಸಿಕೆ ಹಾಕಬೇಕು, ಬಂದ ಮೇಲೆ ನೋಡುತ್ತ ನಿಲ್ಲಬೇಕು. ಹಾಗಾಗಿ ಎರಡನ್ನೂ ಬೇರೆ ಮಾಡಿ ನೋಡುವುದೇ ನನ್ನ ಮೊದಲ ಕೆಲಸವಾಯಿತು. ಕೊಕ್ಕರೆ ರೋಗವಾಗಿದ್ದರೆ ಮರಿಗಳು ಬಾಯಿ ತೆರೆದು ಏದುಸಿರು ಬಿಡಬೇಕು, ಕುತ್ತಿಗೆ ತಿರುಚಬೇಕು, ಹಿಕ್ಕೆ ಹಸಿರಾಗಬೇಕು. ಜಠರದ ಒಳಗೋಡೆಯಲ್ಲಿ ಸೂಜಿಮೊನೆಯಂಥ ರಕ್ತದ ಚುಕ್ಕೆ ಕಾಣಬೇಕು. ತಂದ ಮರಿಗಳನ್ನೆಲ್ಲ ಒಂದೊಂದಾಗಿ ಸೀಳಿ ನೋಡಿದೆ. ಗಂಟಲು ಸ್ವಚ್ಛ, ಜಠರ ಸ್ವಚ್ಛ. ಕೆಟ್ಟದ್ದೆಲ್ಲ ಆ ಎರಡು ಕುರುಡುಕರುಳುಗಳಲ್ಲೇ.

ಕರುಳಿನ ಒಳಗೋಡೆಯನ್ನು ಚಾಕುವಿನ ಬೆನ್ನಿನಿಂದ ಕೆರೆದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಉಪ್ಪುನೀರಿನಲ್ಲಿ ಕದಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ರಕ್ತಕಣಗಳ ನಡುವೆ ಅಲ್ಲಲ್ಲಿ ದುಂಡುಮೊಟ್ಟೆಯಂಥ, ಎರಡು ಗೆರೆಯ ಅಂಚಿನ ಕಾಯಗಳು ತೇಲುತ್ತಿದ್ದವು. ಕಾಕ್ಸಿಡಿಯಾ. ಕೋಳಿಯ ಕರುಳಿನ ಗೋಡೆಯೊಳಗೆ ಹೊಕ್ಕು, ಅಲ್ಲೇ ಸಾವಿರ ಸಾವಿರವಾಗಿ ಒಡೆದು ಹೆಚ್ಚುವ ಪರೋಪಜೀವಿ. ಅವು ಹೊರಬೀಳುವಾಗ ಗೋಡೆ ಹರಿದು ರಕ್ತ ಸುರಿಯುತ್ತದೆ. ಪುಸ್ತಕದಲ್ಲಿ ಎಷ್ಟೋ ಸಲ ಚಿತ್ರ ನೋಡಿದ್ದೆ. ನನ್ನ ಕೈಯಾರೆ ಕೆರೆದು, ನನ್ನ ಕಣ್ಣಾರೆ ಕಂಡದ್ದು ಅದೇ ಮೊದಲು.

"ಕೊಕ್ಕರೆ ರೋಗ ಅಲ್ರೀ ಇದು," ಎಂದೆ. "ಇದು ರಕ್ತಭೇದಿ. ಇದಕ್ಕ ಔಷಧ ಐತಿ."

ಆ ಮನುಷ್ಯ ಅಲ್ಲೇ ಚಪ್ಪಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟರು.

ಔಷಧವಿದೆ ಎಂದು ಹೇಳುವುದು ಸುಲಭ. ಅದಕ್ಕೆ ಬೇಕಾದ ಆಂಪ್ರೋಲಿಯಂ ಪುಡಿ ನಮ್ಮ ಆಸ್ಪತ್ರೆಯ ಕಪಾಟಿನಲ್ಲಿರಲಿಲ್ಲ, ಊರಿನ ಅಂಗಡಿಗಳಲ್ಲೂ ಸಿಗಲಿಲ್ಲ. ನಮ್ಮ ಕಾಂಪೌಂಡರು ಹಿರಿಯರು, ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ಬಸ್ ನಿಲ್ದಾಣಕ್ಕೆ ಹೋಗಿ, ರಾಯಚೂರಿಗೆ ಹೊರಟ ಬಸ್ಸಿನ ಕಂಡಕ್ಟರ್ ಕೈಗೆ ಚೀಟಿ ಕೊಟ್ಟು ಬಂದರು. ಪುಡಿ ಬರುವುದರೊಳಗೆ ನಾನು ಶೆಡ್ಡು ನೋಡಲು ಹೋದೆ.

ಶೆಡ್ಡು ಊರ ಹೊರಗೆ, ಕಾಲುವೆ ನೀರಿನ ಭತ್ತದ ಗದ್ದೆಗಳ ಅಂಚಿನಲ್ಲಿತ್ತು. ಕಟ್ಟಿದ್ದು ಚೆಂದವೇ. ಮೊಣಕಾಲೆತ್ತರದ ಗೋಡೆ, ಅದರ ಮೇಲೆ ಜಾಲರಿ, ಮೇಲೆ ಹುಲ್ಲಿನ ಚಪ್ಪರ. ತಪ್ಪಿದ್ದು ಜಾಗ. ಪಕ್ಕದ ಗದ್ದೆಯಲ್ಲಿ ನೀರು ಕಟ್ಟಿದಾಗ ಆ ಎರೆಮಣ್ಣಿನಲ್ಲಿ ತೇವ ಶೆಡ್ಡಿನ ನೆಲದವರೆಗೂ ಏರುತ್ತಿತ್ತು. ಒಳಗೆ ಕಾಲಿಟ್ಟ ಕೂಡಲೇ ಹಿಕ್ಕೆಯ ಘಾಟಿಗೆ ಕಣ್ಣು ಉರಿಯಿತು. ಹಾಸಿದ್ದ ಭತ್ತದ ಹೊಟ್ಟು ನೀರಿನ ಪಾತ್ರೆಗಳ ಸುತ್ತ ಕಪ್ಪಾಗಿ ಗಡ್ಡೆಕಟ್ಟಿತ್ತು. ತಿಂಗಳು ತುಂಬಿದ ಮರಿಗಳು, ರೋಗಕ್ಕೆ ಹೇಳಿ ಮಾಡಿಸಿದ ವಯಸ್ಸು. ಅರ್ಧದಷ್ಟು ಚುರುಕಾಗಿದ್ದವು, ಉಳಿದವು ಗರಿ ನಿಮಿರಿಸಿ ಕಣ್ಣು ಮುಚ್ಚಿ ನಿಂತಿದ್ದವು.

ಆಪಾ ಒಂದು ಮರಿಯನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ನಿಂತಿದ್ದರು. "ಇದು ನಿನ್ನಿಂದ ಏನೂ ತಿಂದಿಲ್ರಿ. ಉಳಿತೈತೇನ್ರಿ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ರಕ್ತ ಬಹಳ ಹೋಗೇತಲ್ಲ, ಅಂಥಾವು ಉಳಿಯೂದು ಕಷ್ಟ ಆಪಾ. ಔಷಧ ಹಾಕಿದ ಮ್ಯಾಲೂ ಒಂದೆರಡು ದಿನ ಸಾಯ್ತಾವ. ಆಮ್ಯಾಲೆ ನಿಲ್ಲಬೇಕು."

ಹೊರಗೆ ಬಂದರೆ ಊರಿನ ಗುಂಪು. ಮುಂದೆ ನಿಂತಿದ್ದವರು ಗೌಡರು, ಮೀಸೆ ನರೆತ, ಗಟ್ಟಿ ದನಿಯ ಮನುಷ್ಯ. "ನೋಡ್ರಿ ಬಾಯಾರ, ಹೋದ ಬ್ಯಾಸಗ್ಯಾಗ ನಮ್ಮ ಕ್ವಾಳಿ ಎಲ್ಲಾ ಹೋಗ್ಯಾವ. ಈಗ ಮತ್ತ ಒಂದಿಷ್ಟು ಕೂಡ್ಯಾವ. ಈ ಶೆಡ್ಡಿನ ರೋಗ ಊರಾಗ ಬಂದ್ರ ನಾವು ಯಾರನ್ನ ಕೇಳೂಣು? ಕುಣಿ ತೋಡಿ ಇವನ್ನ ಮುಚ್ಚಿಬಿಡ್ರಿ."

"ಗೌಡ್ರ, ಇದು ಆ ರೋಗ ಅಲ್ಲ."

"ಸತ್ತ ಕ್ವಾಳಿ ಹೇಳ್ತಾವೇನ್ರಿ ಯಾವ ರೋಗ ಅಂತ?"

"ಹೇಳ್ತಾವ್ರಿ. ಹೊಟ್ಟಿ ಸೀಳಿ ಕೇಳಬೇಕು, ಅಷ್ಟ."

ಒಂದಿಬ್ಬರು ನಕ್ಕರು. ಗೌಡರು ನಗಲಿಲ್ಲ. ಅವರ ಭಯ ನಿಜವಾದದ್ದು, ಬರಿಯ ಮಾತಿನಿಂದ ಅದು ಹೋಗುವುದಿಲ್ಲ ಎಂದು ನನಗನ್ನಿಸಿತು. ಅಲ್ಲೇ ಒಂದು ಮಾತು ಕೊಟ್ಟೆ. ಊರಿನ ಪ್ರತಿಯೊಂದು ದೊಡ್ಡ ಕೋಳಿಗೂ ಕೊಕ್ಕರೆ ರೋಗದ ಲಸಿಕೆ ಹಾಕುತ್ತೇನೆ, ಅಲ್ಲಿಯತನಕ ಶೆಡ್ಡಿಗೆ ಯಾರೂ ಕೈ ಹಚ್ಚಬಾರದು. ಗೌಡರು ಮೀಸೆ ತಿರುವಿ ಯೋಚಿಸಿದರು. "ಆತು. ಮೊದಲ ನನ ಹುಂಜಕ್ಕ ಹಾಕ್ರಿ," ಎಂದರು.

ಮರುದಿನ ಪುಡಿ ಬಂತು. ಲೀಟರ್ ನೀರಿಗೆ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚಿನ ಅಳತೆ. ಕಾಕಾ ಮನೆಯಲ್ಲಿದ್ದ ಅಕ್ಕಸಾಲಿಗರ ಸಣ್ಣ ತಕ್ಕಡಿ ತಂದು, ಒಂದೊಂದು ಕೊಡ ನೀರಿಗೆ ಬೇಕಾದಷ್ಟು ಪುಡಿಯನ್ನು ತೂಗಿ ಪೊಟ್ಟಣ ಕಟ್ಟಿಕೊಟ್ಟರು. ಈ ನೀರು ಬಿಟ್ಟು ಬೇರೆ ನೀರು ಕುಡಿಸಕೂಡದು, ದಿನಾ ಹೊಸದಾಗಿ ಕಲಸಬೇಕು ಎಂದು ಆಪಾಗೆ ಹೇಳಿದೆ. ಅವರು ನನ್ನ ಮಾತನ್ನು ಒಂದು ಅಕ್ಷರ ಬಿಡದೆ ತಿರುಗಿ ಹೇಳಿ ತೋರಿಸಿದರು.

ಲಸಿಕೆಯ ಕೆಲಸ ಬೆಳಗಿನ ಜಾವ. ಕೋಳಿಗಳನ್ನು ಬುಟ್ಟಿಯಿಂದ ಬಿಡುವ ಮೊದಲು ಹಿಡಿಯಬೇಕು, ಬಿಟ್ಟ ಮೇಲೆ ದೇವರೇ ಹಿಡಿಯಬೇಕು. ಅದಕ್ಕಾಗಿ ಆ ವಾರ ಸಿಂಧನೂರಿನಲ್ಲೇ ಕಾಕಾನ ಮನೆಯಲ್ಲಿ ಉಳಿದೆ. ಐಸ್‌ಕ್ಯಾಂಡಿ ಮಾಡುವಲ್ಲಿಂದ ಬರ್ಫ ತಂದು ಥರ್ಮಾಸಿಗೆ ತುಂಬಿ, ಅದರೊಳಗೆ ಲಸಿಕೆಯ ಸೀಸೆಗಳನ್ನಿಟ್ಟುಕೊಂಡು ನಾವಿಬ್ಬರೂ ಮನೆಮನೆ ತಿರುಗಿದೆವು. ಮೊದಲು ಊರು, ಆಮೇಲೆ ಶೆಡ್ಡು. ಶೆಡ್ಡಿನಲ್ಲಿ ಓಡಾಡಿದ ಕಾಲಿನಲ್ಲಿ ಊರಿನ ಹಿತ್ತಲಿಗೆ ಹೋಗಬಾರದು ಎಂಬ ನಿಯಮವನ್ನು ಒಂದು ದಿನವೂ ಮುರಿಯಲಿಲ್ಲ. ಗೌಡರ ಹುಂಜ ಊರಿಗೇ ಹೆಸರಾದದ್ದು. ನಿಂತರೆ ಸಣ್ಣ ಕೊಡದ ಎತ್ತರ. ಸೂಜಿ ಚುಚ್ಚುವ ಹೊತ್ತಿಗೆ ಅದು ನನ್ನ ಮಣಿಕಟ್ಟಿಗೆ ಕೊಕ್ಕಿನಿಂದ ಕುಕ್ಕಿ ರಕ್ತ ಬರಿಸಿತು.

"ಲೆಕ್ಕ ಚುಕ್ತಾ ಆತ್ರಿ ಮೇಡಮ್ಮಾರ," ಎಂದರು ಕಾಕಾ. ಗೌಡರ ಮೀಸೆಯಡಿ ಅಂದು ಮೊದಲ ಸಲ ನಗು ಕಂಡಿತು.

ಆದರೆ ಶೆಡ್ಡಿನಲ್ಲಿ ನಗುವಂಥದ್ದೇನೂ ಆಗಲಿಲ್ಲ. ಮೊದಲ ಎರಡು ದಿನ ಸಾವು ಬಂದದ್ದು ನಾನು ಹೇಳಿದಂತೆಯೇ. ಮೂರನೆಯ ದಿನ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ನಾಲ್ಕನೆಯ ದಿನ, ಅಲ್ಲಿಯವರೆಗೆ ಚುರುಕಾಗಿದ್ದ ಮರಿಗಳೇ ರೆಕ್ಕೆ ಇಳಿಬಿಟ್ಟವು. ಹೊಸದಾಗಿ ಸತ್ತದ್ದನ್ನು ಗದ್ದೆಯ ಬದುವಿನ ಮೇಲೆಯೇ ಸೀಳಿ ನೋಡಿದೆ. ಕುರುಡುಕರುಳಿನಲ್ಲಿ ಹಸಿ ರಕ್ತ. ಔಷಧ ಕುಡಿಯುತ್ತಿರುವ ಮರಿಯಲ್ಲಿ ರೋಗ ಹೊಸದಾಗಿ ಏರುತ್ತಿದೆ ಎಂದರೆ ಏನರ್ಥ? ಪುಡಿ ಹಳೆಯದೇ? ಅಳತೆ ತಪ್ಪಿತೇ? ಪೊಟ್ಟಣದ ಮೇಲಿನ ದಿನಾಂಕ ನೋಡಿದೆ, ಸರಿಯಿತ್ತು. ಪುಡಿಯನ್ನು ಮತ್ತೆ ತೂಗಿಸಿದೆ, ಅದೂ ಸರಿಯಿತ್ತು. ನಾನು ಕಲಿತದ್ದೇ ಸುಳ್ಳೇನೋ ಎನ್ನುವ ಅನುಮಾನ ಒಳಗೆ ಸಣ್ಣಗೆ ಕೊರೆಯತೊಡಗಿತು.

ಅವತ್ತು ಮಧ್ಯಾಹ್ನ ಆಪಾನ ಗಂಡ ಸಿಂಧನೂರಿನಿಂದ ಒಂದು ಪೊಟ್ಟಣ ಹಿಡಿದು ಬಂದರು. ಕೋಳಿ ಮೇವು ಮಾರುವವನು ಕೊಟ್ಟದ್ದು, ಸಲ್ಫಾ ಔಷಧ. "ಇದು ಜಬರ್‌ದಸ್ತ್ ಐತಂತ್ರಿ. ನಿಮ್ಮ ಪುಡಿ ಸಪ್ಪಗ ಐತಿ, ಎರಡೂ ಕೂಡಿಸಿ ದುಪ್ಪಟ್ಟು ಹಾಕ್ರಿ ಅಂದ."

ಸಲ್ಫಾ ಕೆಟ್ಟ ಔಷಧವಲ್ಲ. ಈ ರೋಗಕ್ಕೆ ಅದನ್ನೂ ಬಳಸುತ್ತಾರೆ. ಆದರೆ ರಕ್ತ ಸೋರಿ, ನೀರು ಬತ್ತಿ ಸೊರಗಿದ ಮರಿಗಳಿಗೆ ಅದನ್ನು ದುಪ್ಪಟ್ಟು ಕೊಟ್ಟರೆ ಮೂತ್ರಪಿಂಡ ಕೆಡುತ್ತದೆ, ರಕ್ತಸ್ರಾವ ಇನ್ನೂ ಹೆಚ್ಚುತ್ತದೆ. "ಸಂಜಿತನಕ ಇದನ್ನ ಬಿಚ್ಚಬ್ಯಾಡ್ರಿ," ಎಂದೆ. ಅವರು ನನ್ನ ಮುಖ ನೋಡಿದರು. ಅವರಿಗೆ ನನ್ನ ಮೇಲಿನ ನಂಬಿಕೆ ಕರಗುತ್ತಿರುವುದು ಆ ನೋಟದಲ್ಲಿ ಕಂಡಿತು. ಅದು ಹುಂಜದ ಕುಕ್ಕಿಗಿಂತ ಹೆಚ್ಚು ನೋಯಿಸಿತು.

ಉಳಿದದ್ದು ಒಂದೇ ದಾರಿ. ಒಂದು ಕಲ್ಲು ಎಳೆದುಕೊಂಡು ಶೆಡ್ಡಿನೊಳಗೇ ಕುಳಿತೆ. ಯಾರ ಮಾತೂ ಬೇಡ, ಏನು ನಡೆಯುತ್ತದೋ ನೋಡೋಣ ಎಂದು. ಮರಿಗಳು ಏನು ತಿನ್ನುತ್ತವೆ, ಎಲ್ಲಿ ಕುಡಿಯುತ್ತವೆ, ಎಲ್ಲಿ ಮಲಗುತ್ತವೆ. ಗದ್ದೆಯಿಂದ ಒಸರುವ ನೀರನ್ನೇನಾದರೂ ಕುಡಿಯುತ್ತಿವೆಯೇ ಎಂದು ಮೂಲೆಗಳನ್ನೆಲ್ಲ ನೋಡಿದೆ. ಇಲ್ಲ. ಮಧ್ಯಾಹ್ನ ಇಳಿಮುಖವಾದಾಗ ಆಪಾ ಕೊಡ ಹೊತ್ತು ಬಂದು ಪಾತ್ರೆಗಳಿಗೆ ನೀರು ಸುರಿದರು. ಆ ನೀರು ತಿಳಿಹಳದಿ ಬಣ್ಣಕ್ಕಿತ್ತು.

ನಾನು ಕೊಟ್ಟ ಪುಡಿ ಬೆರೆತ ನೀರು ಹಳದಿಯಾಗುವುದಿಲ್ಲ. ಒಂದು ಪಾತ್ರೆಯನ್ನು ಎತ್ತಿ ಮೂಗಿಗೆ ಹಿಡಿದೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಸಣ್ಣವಳಿದ್ದಾಗ ಜ್ವರ ಬಿಟ್ಟ ಮೇಲೆ ನನ್ನವ್ವ ಮೂಗು ಹಿಡಿದು ಕುಡಿಸುತ್ತಿದ್ದ ಬಿ-ಕಾಂಪ್ಲೆಕ್ಸಿನ ವಾಸನೆ.

"ಆಪಾ, ಈ ನೀರಾಗ ಏನು ಹಾಕೀರಿ?"

"ನಿಮ್ಮ ಪುಡೀನ ಹಾಕೀನ್ರಿ. ಅದರ ಕೂಡ ತಾಕತ್ತಿನ ದವಾ."

"ತಾಕತ್ತಿನ ದವಾ ಅಂದ್ರ?"

ಅವರು ಒಳಗಿನಿಂದ ದೊಡ್ಡ ಸೀಸೆ ತಂದರು. ಮೇವಿನ ಅಂಗಡಿಯವನು ಮೇವಿನ ಜೊತೆ ಕೊಟ್ಟಿದ್ದ ಟಾನಿಕ್. ಹಣೆಪಟ್ಟಿಯಲ್ಲಿ ಬಿ ಗುಂಪಿನ ವಿಟಮಿನ್ನುಗಳ ಹೆಸರು ಒಂದರ ಕೆಳಗೊಂದು. ಎಲ್ಲಕ್ಕೂ ಮೇಲೆ ಬಿ-ಒಂದು, ಅಂದರೆ ಥಯಾಮಿನ್.

"ಮೊದಲ ಒಂದು ಮುಚ್ಚಳ ಹಾಕ್ತಿದ್ನಿರಿ," ಎಂದರು ಆಪಾ. "ಸೊರಗ್ಯಾವಲ್ಲ ಅಂತ ಈಗ ನಾಕು ಮುಚ್ಚಳ ಹಾಕಾಕತ್ತೀನಿ."

ನನಗೆ ಒಮ್ಮೆಲೇ ಎಲ್ಲ ಹೊಳೆಯಿತು. ಆಂಪ್ರೋಲಿಯಂ ಕಾಕ್ಸಿಡಿಯಾವನ್ನು ಸುಟ್ಟು ಕೊಲ್ಲುವ ಔಷಧವಲ್ಲ. ಅದು ಥಯಾಮಿನ್ನಿನ ವೇಷ ಹಾಕಿ ಹೋಗುತ್ತದೆ. ಪರೋಪಜೀವಿ ಬೆಳೆಯಬೇಕಾದರೆ ಥಯಾಮಿನ್ ಬೇಕೇ ಬೇಕು. ಥಯಾಮಿನ್ ಒಳಬರುವ ಬಾಗಿಲಿಗೆ ಈ ಔಷಧ ಅಡ್ಡ ನಿಂತು ಪರೋಪಜೀವಿಯನ್ನು ಹಸಿವಿನಿಂದ ಸಾಯಿಸುತ್ತದೆ. ಅದೇ ನೀರಿನಲ್ಲಿ ನಿಜವಾದ ಥಯಾಮಿನ್ನನ್ನು ಧಾರಾಳವಾಗಿ ಸುರಿದರೆ ವೇಷಧಾರಿಯನ್ನು ತಳ್ಳಿ ಅದೇ ಒಳನುಗ್ಗುತ್ತದೆ. ಔಷಧ ಸರಿಯಿತ್ತು, ಅಳತೆ ಸರಿಯಿತ್ತು. ಅದರ ಕೈಯನ್ನು ಟಾನಿಕ್ ಕಟ್ಟಿಹಾಕಿತ್ತು.

ಆಪಾಗೆ ಇದನ್ನು ಹೇಗೆ ಹೇಳುವುದು? ಉಪವಾಸ ಕೆಡವಿ ಕೊಲ್ಲಬೇಕಾದ ಹುಳಕ್ಕೆ ಈ ಸೀಸೆಯಲ್ಲಿರುವುದೇ ಊಟ ಎಂದೆ. ಅವರು ಸೀಸೆಯನ್ನೂ ನನ್ನನ್ನೂ ನೋಡಿದರು.

"ಯಾ ಅಲ್ಲಾ! ನನ ಕೈಯಾರ ನಾನ ಆ ಹುಳಕ್ಕ ಉಣಿಸಿದ್ನೇನ್ರಿ?"

"ನೀವು ಮರಿಗೆ ಉಣಿಸಿದ್ರಿ ಆಪಾ. ಹುಳ ನಡುವ ಕಸಗೊಂತು. ಟಾನಿಕ್ ಬ್ಯಾಡ ಅಂತಲ್ಲ, ಈಗ ಬ್ಯಾಡ. ರೋಗ ಹೋದ ಮ್ಯಾಲೆ ನಾನ ಹಾಕ್ರಿ ಅಂತೀನಿ."

ಆಪಾ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಎತ್ತಿ, ಹಳದಿ ನೀರನ್ನು ಶೆಡ್ಡಿನಿಂದ ದೂರ ಹೊತ್ತೊಯ್ದು ಚೆಲ್ಲಿ ಬಂದರು. ಒಂದು ಹನಿ ನೆಲದ ಹೊಟ್ಟಿಗೆ ಬೀಳಲು ಬಿಡಲಿಲ್ಲ.

ಅಲ್ಲಿಯೇ ನಾನು ತೀರ್ಮಾನ ಮಾಡಿದೆ. ಸಲ್ಫಾ ಪೊಟ್ಟಣ ಬಿಚ್ಚುವುದಿಲ್ಲ. ಅದೇ ಪುಡಿ, ಅದೇ ಅಳತೆ, ಮೊದಲಿನಿಂದ ಶುರು. ಗಂಡ ಒಪ್ಪಲಿಲ್ಲ. "ಫೇಲಾದ ದವಾನ ಮತ್ತ ಹಾಕೂದು ಹ್ಯಾಂಗ್ರಿ ಬಾಯಾರ?" ಎಂದು ಗಟ್ಟಿಯಾಗಿಯೇ ಕೇಳಿದರು. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ. ಉತ್ತರ ಕೊಟ್ಟವರು ಆಪಾ. "ದವಾ ಫೇಲಾಗಿಲ್ರಿ. ನಾವು ಅದನ್ನ ಕೆಲಸ ಮಾಡಗೊಟ್ಟಿಲ್ಲ."

ಊರಿನದು ಬೇರೆ ಕಥೆ. ಸಾವು ನಿಂತಿಲ್ಲವೆಂಬ ಸುದ್ದಿ ಹೋಗಿ ಸಂಜೆಗೇ ಗೌಡರು ಬಂದರು. "ಬಾಯಾರ, ನೀವು ಸೂಜಿ ಹಾಕಿದ್ದು ಖರೆ. ಮಾತು ಉಳಿಸ್ಕೊಂಡೀರಿ. ಆದ್ರ ಸಾಯೂದು ನಿಂತಿಲ್ಲ. ಈ ಪರದೇಶಿ ಮರಿ ನಮ್ಮೂರಿಗೆ ಇಲ್ಲದ ರೋಗ ತಂದಾವ. ನಾಳಿಗೆ ಕುಣಿ ತೋಡಸ್ತೀನಿ."

"ನಾಳೆ ಮುಂಜಾನಿ ನಿಮ್ಮ ಕಟ್ಟಿಗೆ ಬರ್ತೀನಿ ಗೌಡ್ರ. ಒಂದು ವಸ್ತು ತೋರಸ್ತೀನಿ. ಅದನ್ನ ನೋಡಿ ಆಮ್ಯಾಲೆ ಕುಣಿ ತೋಡಸ್ರಿ."

ಮರುದಿನ ಸೂಕ್ಷ್ಮದರ್ಶಕವನ್ನು ಅದರ ಮರದ ಪೆಟ್ಟಿಗೆ ಸಮೇತ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಪ್ರತಿ ಗುಂಡಿಗೂ ಕಾಕಾ ಪೆಟ್ಟಿಗೆಯ ಮೇಲೆ ಕೈ ಒತ್ತಿ ಹಿಡಿಯುತ್ತಿದ್ದರು. ಗೌಡರ ಮನೆಯ ಕಟ್ಟೆಯ ಮೇಲೆ ಇಟ್ಟೆ. ಅದಕ್ಕೆ ಕರೆಂಟು ಬೇಡ, ಕೆಳಗೊಂದು ಕನ್ನಡಿಯಿದೆ. ನೇರ ಬಿಸಿಲು ಕಣ್ಣಿಗೆ ಕೆಟ್ಟದ್ದೆಂದು, ಎದುರು ಮನೆಯ ಸುಣ್ಣದ ಗೋಡೆಯ ಬೆಳಕನ್ನು ಕನ್ನಡಿಗೆ ಹಿಡಿದೆ. ಶೆಡ್ಡಿನಿಂದ ಸೀಸೆಯಲ್ಲಿ ಮುಚ್ಚಿ ತಂದ ಹಿಕ್ಕೆಯನ್ನು, ಗೌಡರ ಅಡುಗೆಮನೆಯ ಉಪ್ಪನ್ನು ಕರಗುವಷ್ಟೂ ಕರಗಿಸಿದ ನೀರಿನಲ್ಲಿ ಕದಡಿದೆ. ಉಪ್ಪುನೀರು ಭಾರ, ಪರೋಪಜೀವಿಯ ತತ್ತಿಗಳು ಹಗುರ, ಮೇಲಕ್ಕೆ ತೇಲಿ ಬರುತ್ತವೆ. ಮೇಲಿನ ಹನಿಯನ್ನು ಗಾಜಿನ ಪಟ್ಟಿಗೆ ತೆಗೆದುಕೊಂಡು ಗೌಡರನ್ನು ಕರೆದೆ.

ಅವರು ಬಗ್ಗಿದರು. "ಏನೂ ಇಲ್ಲಲ್ರಿ. ನನ ರೆಪ್ಪಿ ಕೂದಲ ಕಾಣಾಕತ್ತಾವ."

"ಇನ್ನೊಂದು ಕಣ್ಣು ಮುಚ್ರಿ. ಉಸಿರು ಬಿಗಿ ಹಿಡಿಬ್ಯಾಡ್ರಿ."

ಅವರು ಒಂದು ಕಣ್ಣು ಮುಚ್ಚಿ ಮತ್ತೆ ಬಗ್ಗಿದರು. ಆಮೇಲೆ, "ಅಬಾಬಾಬಾ! ಜ್ವಾಳದ ಕಾಳ ಚೆಲ್ಲಿದಂಗ ಅದಾವಲ್ರಿ!"

"ಅವೇ ರಕ್ತಭೇದಿ ತತ್ತಿ. ಕೊಕ್ಕರೆ ರೋಗದಾಗ ಇವು ಇಷ್ಟು ಇರಂಗಿಲ್ಲ, ಅದರ ವೈರಸ್ಸು ಈ ಯಂತ್ರದಾಗೂ ಕಾಣಂಗಿಲ್ಲ." ಆಮೇಲೆ ಇನ್ನೊಂದು ಗಾಜಿನ ಪಟ್ಟಿ ಇಟ್ಟೆ. ಕಾಕಾ ಆಗಷ್ಟೇ ಅಂಗಳದಿಂದ ಎತ್ತಿ ತಂದ ಹಿಕ್ಕೆಯಿಂದ ಮಾಡಿದ್ದು. ಅದರಲ್ಲಿ ಹುಡುಕಿ ಹುಡುಕಿ ಒಂದೆರಡು ತತ್ತಿ ಕಂಡಿದ್ದವು. ಗೌಡರು ಅದನ್ನೂ ನೋಡಿದರು. "ಇದರಾಗೂ ಒಂದು ಐತಿ. ಇದು ಯಾವ ಮರೀದ್ರಿ?"

"ಮರೀದಲ್ರಿ. ನಿಮ್ಮ ಹುಂಜದ್ದು."

ಕಟ್ಟೆಯ ಸುತ್ತ ನಿಂತವರೆಲ್ಲ ಹೋ ಎಂದರು. ಗೌಡರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, ಅಂಗಳದಲ್ಲಿ ಎದೆ ಉಬ್ಬಿಸಿ ತಿರುಗುತ್ತಿದ್ದ ಹುಂಜವನ್ನು ನೋಡಿದರು. ಅದಕ್ಕೇನೂ ಆಗಿರಲಿಲ್ಲ, ಆಗುವಂತೆಯೂ ಕಾಣುತ್ತಿರಲಿಲ್ಲ.

ನಾನು ಹೇಳಬೇಕಾದದ್ದನ್ನು ಆಗ ಹೇಳಿದೆ. ಈ ತತ್ತಿ ಎಲ್ಲ ಊರಿನಲ್ಲೂ ಇದೆ, ಎಲ್ಲ ಕೋಳಿಯಲ್ಲೂ ಅಷ್ಟಿಷ್ಟು ಇರುತ್ತದೆ. ಬಯಲಲ್ಲಿ ತಿರುಗುವ ಕೋಳಿ ಒಣನೆಲದಲ್ಲಿ ಹಿಕ್ಕೆ ಹಾಕಿ ಮುಂದೆ ಹೋಗುತ್ತದೆ, ಬಿಸಿಲಿಗೆ ತತ್ತಿ ಒಣಗಿ ಸಾಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಹೊಟ್ಟೆಗೆ ಹೋದದ್ದನ್ನು ಮೈ ತಾಳಿಕೊಳ್ಳುತ್ತದೆ. ಶೆಡ್ಡಿನೊಳಗೆ ನೂರಾರು ಮರಿ ಒಂದೇ ಕಡೆ, ಕೆಳಗೆ ಹಸಿ ಹೊಟ್ಟು. ಹೊರಬಿದ್ದ ತತ್ತಿ ತೇವ ಸಿಕ್ಕರೆ ಒಂದೆರಡು ದಿನದಲ್ಲಿ ಮಾಗಿ ಮತ್ತೆ ಮರಿಯ ಕೊಕ್ಕಿಗೆ ಸಿಗುತ್ತದೆ. "ಮರಿ ರೋಗ ತಂದಿಲ್ಲ ಗೌಡ್ರ. ಗದ್ದಿ ನೀರು ಅದನ್ನ ಬೆಳಿಸೇತಿ."

ಗೌಡರು ಹುಂಜದಿಂದ ಕಣ್ಣು ತೆಗೆದು ಶೆಡ್ಡಿನ ದಿಕ್ಕಿಗೆ ನೋಡಿದರು. "ಶೆಡ್ಡಿನ ಪಕ್ಕದ ಗದ್ದಿ ಯಾರದು ಗೊತ್ತೇನ್ರಿ?" ಎಂದು ಕೊನೆಗೆ ಕೇಳಿದರು.

"ಗೊತ್ತಿಲ್ರಿ."

"ನಂದ." ಅವರು ಎದ್ದು ಪಂಚೆ ಬಿಗಿದು, ತಮ್ಮ ಆಳುಗಳನ್ನು ಕೂಗಿ ಕರೆದರು. "ಏ, ಸಲಿಕಿ ಗುದ್ದಲಿ ತಗೊಂಡು ಬರ್ರೋ. ಕುಣಿ ತೋಡೂದಲ್ಲ. ಬಸಿಗಾಲುವಿ ತೋಡೂದೈತಿ."

ಆ ದಿನ ವಳಕಮದಿನ್ನಿಯಲ್ಲಿ ನಡೆದಂಥ ಕೆಲಸವನ್ನು ಆಮೇಲೆ ನಾನು ಎಷ್ಟೋ ಕಡೆ ಮಾಡಿಸಲು ನೋಡಿದ್ದೇನೆ, ಅಷ್ಟು ಮನಸ್ಸಿಟ್ಟು ಎಲ್ಲೂ ಆಗಿಲ್ಲ. ಶೆಡ್ಡಿಗೂ ಗದ್ದೆಗೂ ನಡುವೆ ಆಳವಾದ ಬಸಿಗಾಲುವೆ ತೋಡಿದರು. ಮರಿಗಳನ್ನು ಒಂದು ಬದಿಗೆ ತಟ್ಟಿಯಿಂದ ಅಡ್ಡ ಕಟ್ಟಿ, ಇನ್ನೊಂದು ಬದಿಯ ಹೊಟ್ಟನ್ನು ತಳದವರೆಗೂ ಕೆರೆದು ತೆಗೆದು ದೂರ ಹೊತ್ತೊಯ್ದು ಸುಟ್ಟೆವು. ನೆಲಕ್ಕೆ ಸುಣ್ಣ ಎರಚಿ ಒಣಗಲು ಬಿಟ್ಟೆವು. ರೈಸ್ ಮಿಲ್ಲಿನಿಂದ ಬಂಡಿಯಲ್ಲಿ ಒಣಹೊಟ್ಟು ಬಂತು. ಆಪಾ ಮತ್ತು ಕೂಲಿಗೆ ಬಂದ ಹೆಂಗಸರು ಅದನ್ನು ಬಿಸಿಲಿಗೆ ಹರಡಿ ಇನ್ನೊಮ್ಮೆ ಒಣಗಿಸಿಯೇ ಒಳಗೆ ಹಾಸಿದರು. ಆಮೇಲೆ ಮರಿಗಳನ್ನು ಅತ್ತ ಕಳಿಸಿ ಈ ಬದಿಯನ್ನೂ ಹಾಗೇ ಮಾಡಿದೆವು. ನೀರು ಚೆಲ್ಲದಂತೆ ಪಾತ್ರೆಗಳನ್ನು ಮರಿಗಳ ಬೆನ್ನಿನ ಎತ್ತರಕ್ಕೆ ಇಟ್ಟಿಗೆಯ ಮೇಲೆ ಕೂರಿಸಿದೆವು. ಜೋಲು ಬಿದ್ದ ಮರಿಗಳಿಗೆ ಕಾಕಾ ಒಂದೊಂದಾಗಿ ಕೊಕ್ಕು ಬಿಡಿಸಿ, ಔಷಧದ ನೀರನ್ನು ಹನಿಹನಿಯಾಗಿ ಹಾಕಿದರು. ರಕ್ತ ಹೆಪ್ಪುಗಟ್ಟಲು ನೆರವಾಗುವ ಕೆ ವಿಟಮಿನ್ನನ್ನು ಮೇವಿನಲ್ಲಿ ಬೆರೆಸಿದೆ. ಅದು ಈ ಔಷಧಕ್ಕೆ ಅಡ್ಡಬರುವುದಿಲ್ಲ.

ಎರಡು ದಿನ ಮತ್ತೆ ಸತ್ತವು. ಆ ಎರಡು ದಿನ ನನ್ನ ಬಾಯಿಗೆ ಅನ್ನ ರುಚಿಸಲಿಲ್ಲ. ಮೂರನೆಯ ಬೆಳಿಗ್ಗೆ ನಾವು ಊರಿಗೆ ಹೋದಾಗ ಆಪಾನ ಗಂಡ ಬಸ್ಸು ನಿಲ್ಲುವಲ್ಲಿಗೇ ಬಂದು ಕಾಯುತ್ತಿದ್ದರು. ಅವರ ಕೈಯಲ್ಲಿ ಆ ಬಿದಿರಿನ ಬುಟ್ಟಿ ಇರಲಿಲ್ಲ. ಅವರು ಬರ್ರಿ ಎಂದು ಕೈ ಮಾಡಿ ಮುಂದೆ ನಡೆದರು. ಅವರ ನಡಿಗೆ ಓಟವಾಯಿತು.

ಶೆಡ್ಡಿನೊಳಗೆ ಆಪಾ ಮೊಣಕಾಲೂರಿ ಹಿಕ್ಕೆ ನೋಡುತ್ತಿದ್ದರು. ಒಣಹೊಟ್ಟಿನ ಮೇಲೆ ಕೆಂಪು ಎಲ್ಲೂ ಇರಲಿಲ್ಲ. ಮೇವಿನ ತಟ್ಟೆಯ ಸುತ್ತ ಮರಿಗಳು ಒಂದರ ಮೇಲೊಂದು ಹತ್ತಿ ಗಲಾಟೆ ಮಾಡುತ್ತಿದ್ದವು. ಆ ಸದ್ದಿನಷ್ಟು ಇಂಪಾದ ಸದ್ದನ್ನು ನನ್ನ ಕೆಲಸದ ಬದುಕಿನಲ್ಲಿ ನಾನು ಕೇಳಿಲ್ಲ.

"ಒಂದೂ ಇಲ್ರಿ ಬಾಯಾರ," ಎಂದರು ಆಪಾ. "ಒಂದ ಒಂದೂ ಸತ್ತಿಲ್ಲ." ಅಷ್ಟು ದಿನ ಅಳದವರು ಆಗ ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತರು. ಕಾಕಾ ಆ ಕಡೆ ತಿರುಗಿ ಬಸಿಗಾಲುವೆಯಲ್ಲಿ ನೀರು ಹೇಗೆ ಹರಿಯುತ್ತಿದೆ ಎಂದು ಬಹಳ ಗಮನವಿಟ್ಟು ನೋಡತೊಡಗಿದರು. ನನಗೂ ನೋಡಲು ಏನಾದರೂ ಬೇಕಾಗಿತ್ತು. ಸೀಸೆಗೆ ಹಿಕ್ಕೆ ತುಂಬಿಕೊಳ್ಳತೊಡಗಿದೆ.

ಔಷಧದ ದಿನಗಳು ಮುಗಿದ ಮೇಲೆ ನಾನೇ ಆ ಟಾನಿಕ್ ಸೀಸೆಯನ್ನು ತರಿಸಿ, ಅಳತೆ ಹೇಳಿ ಕೊಡಿಸಿದೆ. ಆಪಾ ಬಹಳ ಅನುಮಾನದಿಂದಲೇ ಒಂದು ಮುಚ್ಚಳ ಹಾಕಿದರು. ಉಳಿದ ಮರಿಗಳು ಮಂಡಿನೋವಿನ ಮುದುಕಿಯರಂತೆ ನಿಧಾನಕ್ಕೆ ಚೇತರಿಸಿಕೊಂಡವು. ತೂಕ ಹಿಡಿಯುವುದು ತಡವಾಯಿತು, ಆದರೆ ಹಿಡಿದವು. ಕಳೆದುಕೊಂಡದ್ದು ಕಡಿಮೆಯಲ್ಲ. ಆದರೆ ಶೆಡ್ಡು ಉಳಿಯಿತು. ಭತ್ತದ ಇನ್ನೊಂದು ಬೆಳೆ ಬರುವ ಹೊತ್ತಿಗೆ ಅವು ಮೊಟ್ಟೆಯಿಡತೊಡಗಿದವು. ಸಿಂಧನೂರಿನ ಅಂಗಡಿಯಲ್ಲಿ ಆಪಾನ ಗಂಡ, "ಇವು ಲಾರಿ ತತ್ತಿ ಅಲ್ರಿ, ನಮ್ಮ ಮನಿ ತತ್ತಿ," ಎಂದು ಕೇಳದವರಿಗೂ ಹೇಳಿ ಮಾರುತ್ತಿದ್ದರಂತೆ.

ತೊಂಬತ್ತರ ದಶಕದಲ್ಲಿ ನನಗೆ ಮಸ್ಕಿಗೆ ವರ್ಗವಾಯಿತು. ಆ ಹೊತ್ತಿಗೆ ಈ ಕಡೆಯ ಒಣಭೂಮಿಯಲ್ಲೂ ಕೋಳಿ ಶೆಡ್ಡುಗಳು ಎದ್ದಿದ್ದವು. ಮೇವಿನಲ್ಲೇ ಬೆರೆಸಿ ಕೊಡುವ ಹೊಸ ಔಷಧಗಳು ಬಂದಿದ್ದವು. ಆದರೂ ಮಳೆ ಹಿಡಿದರೆ ಹಳೆಯ ರೋಗ ಬಿಡುತ್ತಿರಲಿಲ್ಲ. ಒಮ್ಮೆ ಪಾಮನಕಲ್ಲೂರಿನಿಂದ ಕರೆ ಬಂತು. ನಾನು ಅಲ್ಲಿಗೆ ಕಾಲಿಟ್ಟದ್ದೇ ಮೊದಲು, ನನ್ನ ಪರಿಚಯ ಯಾರಿಗೂ ಇರಲಿಲ್ಲ. ಜಗುಲಿಯ ಮೇಲೆ ಕೂತಿದ್ದ ಅಜ್ಜ, "ಯಾರಬೇ ಅದು, ಬ್ಯಾಗ್ ಹಿಡಕೊಂಡು ಬಂದಾಕಿ?" ಎಂದು ಒಳಗೆ ಕೇಳಿದ.

ಶೆಡ್ಡಿನ ಯಜಮಾನಿ, ಹೊಸದಾಗಿ ಮದುವೆಯಾಗಿ ಬಂದಂತಿದ್ದ ಹೆಣ್ಣುಮಗಳು, ಹೊರಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು.

"ಅವರೇರಿ ಮಾವಾರ, ವಳಕಮದಿನ್ನ್ಯಾಗ ಟಾನಿಕ್ ಬಿಡಿಸಿದ್ರಲ್ಲ, ಆ ಡಾಕ್ಟರಮ್ಮ. ಆಪಾ ಹೇಳಿದ್ರು ಅವರನ್ನ ಕರಸ್ರಿ ಅಂತ." ಆಮೇಲೆ ನನ್ನ ಕಡೆ ತಿರುಗಿ, "ನಾವೂ ಬಿಡಿಸೀವ್ರಿ," ಎಂದಳು. "ಹೊಟ್ಟೂ ಬದಲು ಮಾಡೀವಿ. ನೀವು ಬರೂತನಕ ಬ್ಯಾರೆ ಯಾವ ದವಾನೂ ಹಾಕಿಲ್ಲ."

ಸರಕಾರ ಕೊಟ್ಟ ಹುದ್ದೆಯ ಹೆಸರು ದೊಡ್ಡದಿತ್ತು, ಬಾಗಿಲ ಮೇಲಿನ ಹಲಗೆಯಲ್ಲಿ ಬರೆಸಿದ್ದರು ಕೂಡ. ಆ ಹೆಣ್ಣುಮಗಳು ಕರೆದ ಹೆಸರಿನಷ್ಟು ಅದು ನನಗೆ ಎಂದೂ ಒಪ್ಪಲಿಲ್ಲ.

"ಶಹಬ್ಬಾಸ್," ಎಂದು ಬ್ಯಾಗು ಕೆಳಗಿಟ್ಟು ಕತ್ತರಿ ತೆಗೆದೆ. "ಸತ್ತ ಮರಿ ಎಲ್ಲಿಟ್ಟೀಯವ್ವಾ? ತಾ, ಮೊದಲು ಹೊಟ್ಟಿ ನೋಡೂಣು."